ನಕ್ಷೆಯ ನೆಲವೂ ನೆಲದ ಋಣವೂ

ಮನೆ ಕಟ್ಟುವವನು ನೆಲಕ್ಕೆ ಏನನ್ನು ಸಲ್ಲಿಸಬೇಕು? ಈ ಪ್ರಶ್ನೆ ಹೊಸದಲ್ಲ. ನಮ್ಮ ಹಿರಿಯರು ಭೂಮಿಪೂಜೆಯನ್ನು ಮಾಡಿ, ಅಗೆಯುವುದಕ್ಕೆ ಮೊದಲು ನೆಲದ ಕ್ಷಮೆಯನ್ನು ಬೇಡಿ, ಅನಂತರವೇ ಗುದ್ದಲಿಯನ್ನು ಹಾಕುತ್ತಿದ್ದರು. ಆ ಪದ್ಧತಿ ಈಗಲೂ ನಿಂತಿಲ್ಲ. ಆದರೆ ಗುದ್ದಲಿಯು ನೆಲವನ್ನು ಮುಟ್ಟುವುದಕ್ಕೆ ಬಹು ಮುಂಚೆಯೇ ಇನ್ನೊಂದು ಅಗೆತವು ಈಗ ನಡೆದುಹೋಗಿರುತ್ತದೆ. ಅದು ಗಣಕಯಂತ್ರದ ಪರದೆಯ ಮೇಲೆ ನಡೆಯುವ ಅಗೆತ. ಅಲ್ಲಿ ನೆಲವನ್ನು ರೂಪಿಸುವರು, ಕಡಿಯುವರು, ತುಂಬುವರು, ಸಮಮಾಡುವರು. ಅಲ್ಲಿ ಯಾರೂ ಕ್ಷಮೆಯನ್ನು ಬೇಡುವುದಿಲ್ಲ. ಏಕೆಂದರೆ ಅಲ್ಲಿ ಮಣ್ಣಿಲ್ಲ, ಇರುವೆಯಿಲ್ಲ, ನೆರೆಯವನೂ ಇಲ್ಲ. ಮಣ್ಣಿಲ್ಲದ ಕಡೆ ಮಾಡಿದ ಕಾರ್ಯಕ್ಕೆ ಪಾಪಪುಣ್ಯಗಳ ಲೇಪವುಂಟೇ ಎಂಬುದು ನಾನು ಇಲ್ಲಿ ವಿಚಾರಿಸಬೇಕೆಂದಿರುವ ವಿಷಯ. ಇದು ಬರಿಯ ತರ್ಕದ ಮಾತಾಗಿದ್ದರೆ ವಾಚಕರ ಕಾಲವನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿಯೇ ಇದು ಎದುರಾಯಿತು. ನಾನು ಮೊದಲು ತಪ್ಪು ಪಕ್ಷವನ್ನೇ ಹಿಡಿದೆನು.

ಕುಂದಾಣದ ಬಳಿ ನಮ್ಮ ಮನೆತನಕ್ಕೆ ಸೇರಿದ ಒಂದೆಕರೆ ಹತ್ತು ಗುಂಟೆ ನೆಲವುಂಟು. ಐದು ಸರಪಳಿ ಅಗಲ, ಹತ್ತು ಸರಪಳಿ ಉದ್ದ. ಮೂವತ್ತಮೂರು ಅಡಿಯ ಸರಪಳಿಯ ಲೆಕ್ಕವನ್ನು ಬಲ್ಲವರಿಗೆ ಇದು ಐವತ್ತು ಗುಂಟೆಯೆಂದು ಒಡನೆಯೇ ತಿಳಿಯುವುದು. ಮೊದಲು ಅಲ್ಲಿ ರಾಗಿ ಬೆಳೆಯುತ್ತಿತ್ತು. ಆಮೇಲೆ ನಮ್ಮ ಸೀಮೆಯ ಅನೇಕರಂತೆ ನಾವೂ ತೆಂಕಣ ಭಾಗದಲ್ಲಿ ನೀಲಗಿರಿಯನ್ನು ಹಾಕಿದೆವು. ಕೆಲವು ವರ್ಷಗಳಾದ ಮೇಲೆ ಅದನ್ನೂ ಕಡಿಸಿ ಬೇರುಗಳನ್ನು ಕೀಳಿಸಿದೆವು. ೨೦೦೮ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವು ತೆರೆಯಿತು; ಮುಂದೆ ಜಿಲ್ಲಾಡಳಿತದ ಭವನವೂ ನಮ್ಮ ಕುಂದಾಣ ಹೋಬಳಿಯ ಬೀರಸಂದ್ರಕ್ಕೇ ಬಂದಿತು. ಅಂದಿನಿಂದ ಈ ಕಡೆಯ ನೆಲಕ್ಕೆ ಬೆಳೆಯ ಬೆಲೆ ಹೋಗಿ ನಿವೇಶನದ ಬೆಲೆ ಬಂದಿದೆ. ವಿಧವೆಯಾದ ನನ್ನ ತಂಗಿಗೆ ಅಲ್ಲಿ ಒಂದು ಮನೆಯನ್ನು ಕಟ್ಟಿಸಬೇಕೆಂದು ನಾವು ನಿಶ್ಚಯಿಸಿದೆವು. ಅವಳ ಮಗನೇ ಕಟ್ಟಡಗಳ ವಿನ್ಯಾಸದ ವಿದ್ಯೆಯನ್ನು ಕಲಿತವನು. ಆದಕಾರಣ ನಕ್ಷೆಯ ಹೊಣೆ ಅವನದಾಯಿತು.

ಅವನು ಒಂದು ಸಾಯಂಕಾಲ ನಮ್ಮ ನೆಲವನ್ನು ಪರದೆಯ ಮೇಲೆ ತೋರಿಸಿದನು. ಆ ವಿದ್ಯೆಯ ಕ್ರಮವು ಸ್ಥೂಲವಾಗಿ ಹೀಗಿದೆ. ನೆಲದ ಮೇಲಿನ ಅನೇಕ ಬಿಂದುಗಳ ಎತ್ತರಗಳನ್ನು ಯಂತ್ರಕ್ಕೆ ಕೊಡುವರು. ಯಂತ್ರವು ಮೂರು ಮೂರು ಬಿಂದುಗಳನ್ನು ಕೂಡಿಸಿ ತ್ರಿಕೋನಗಳ ಬಲೆಯೊಂದನ್ನು ನೇಯುವುದು. ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಅದರಿಂದ ಹುಟ್ಟುವುವು. ಆಮೇಲೆ ಮನೆಯು ನಿಲ್ಲತಕ್ಕ ಕಡೆ ಒಂದು ಸಮತಟ್ಟಾದ ಜಗಲಿಯನ್ನು ಕೂರಿಸಿದರೆ, ಎಲ್ಲಿ ಎಷ್ಟು ಮಣ್ಣನ್ನು ಕಡಿಯಬೇಕು, ಎಲ್ಲಿ ಎಷ್ಟು ತುಂಬಬೇಕು ಎಂಬುದನ್ನು ಯಂತ್ರವೇ ಕ್ಷಣಮಾತ್ರದಲ್ಲಿ ಲೆಕ್ಕ ಹಾಕಿ ಹೇಳುವುದು. ರಸ್ತೆಗೆ ಹತ್ತಿರವಾದ ತೆಂಕಣ ಭಾಗವು ಮನೆಗೆ ಬೇಕಾದ ಮಟ್ಟದಲ್ಲಿಯೇ ಇದೆಯೆಂದೂ ಮಣ್ಣಿನ ಕೆಲಸವು ಹೆಚ್ಚಿಲ್ಲವೆಂದೂ ಅದು ಹೇಳಿತು. ನನ್ನ ಅಳಿಯನು ಸಂತೋಷಪಟ್ಟನು. ನಾನು ಅವನಿಗಿಂತಲೂ ಹೆಚ್ಚಾಗಿ ಸಂತೋಷಪಟ್ಟೆನು. ನಕ್ಷೆಗೆ ಅನುಮತಿಯೂ ಬಂದಿತು.

ಪಾಯದ ಗುರುತು ಹಾಕುವ ದಿನ ಮೇಸ್ತ್ರಿಯು ನೀರು ತುಂಬಿದ ಕೊಳವೆಯನ್ನು ಹಿಡಿದು ಮಟ್ಟವನ್ನು ನೋಡಿ, ಈ ಜಾಗವು ಮೂರು ಅಡಿ ತಗ್ಗಿನಲ್ಲಿದೆಯೆಂದನು. ಯಂತ್ರವು ಎತ್ತರವೆಂದಿತು, ನೀರು ತಗ್ಗೆಂದಿತು. ಆಗ ನಾವೆಲ್ಲರೂ ಕೂಡಿ ಮಾಡಿದ ತೀರ್ಮಾನವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುವುದು. ಹತ್ತು ಗುಂಟೆಗೆ ಮೂರು ಅಡಿಯಂತೆ ೩೨,೬೭೦ ಘನ ಅಡಿ ಮಣ್ಣನ್ನು ಹೊರಗಿನಿಂದ ತರಿಸಿ ಸುರಿಸಿದರೆ ನಕ್ಷೆಯನ್ನು ಬದಲಾಯಿಸಬೇಕಾಗಿಲ್ಲವೆಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ನಕ್ಷೆಯು ನೆಲವನ್ನು ಅನುಸರಿಸಬೇಕಾದುದು ಧರ್ಮ. ನಾವು ನೆಲವೇ ನಕ್ಷೆಯನ್ನು ಅನುಸರಿಸಲಿ ಎಂದೆವು. ನಿಘಂಟಿನಲ್ಲಿ ತಪ್ಪು ಅಚ್ಚಾದ ಮಾತ್ರಕ್ಕೆ ಊರಿನ ಜನರೆಲ್ಲ ಆ ಶಬ್ದವನ್ನು ತಪ್ಪಾಗಿಯೇ ಆಡಬೇಕೆಂದು ವಿಧಿಸುವ ಹಾಗಾಯಿತು ಇದು.

ಮೇಲಿನ ಹೊಲದ ವೃದ್ಧರು ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ನಾನು ಅವರ ಮಕ್ಕಳಿಗೆ ಅಕ್ಷರ ಕಲಿಸಿದವನು. ಅವರು ಜಗಳಕ್ಕೆ ಬರಲಿಲ್ಲ, ಕಾಯಿದೆಯ ಮಾತನ್ನೂ ಎತ್ತಲಿಲ್ಲ. “ಮೇಷ್ಟ್ರೇ, ನಮ್ಮ ಹೊಲದ ನೀರು ಇಲ್ಲಿಂದ್ಲೇ ಕೆರೆಗೆ ಇಳಿಯೋದು. ಅದನ್ನ ಆ ಪಟದಲ್ಲಿ ಬರ್ದವ್ರಾ?” ಎಂದು ಮಾತ್ರ ಕೇಳಿದರು. ಅಳಿಯನು ನನ್ನ ಮುಖವನ್ನು ನೋಡಿದನು. “ಇಲ್ಲ ಮಾವ, ಬರೆದಿಲ್ಲ” ಎಂದನು. ಆ ಎರಡು ಮಾತುಗಳೇ ಈ ಲೇಖನಕ್ಕೆ ಮೂಲ.

ತಪ್ಪು ಎಲ್ಲಿಂದ ಬಂದಿತೆಂದು ಆಮೇಲೆ ಹುಡುಕಿದೆವು. ಅಳಿಯನು ಎತ್ತರಗಳನ್ನು ತೆಗೆದುಕೊಂಡುದು ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುವ ಒಂದು ಭಂಡಾರದಿಂದ. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಆಕಾಶನೌಕೆಯೊಂದು ಹನ್ನೊಂದು ದಿವಸ ಭೂಮಿಯನ್ನು ಸುತ್ತಿ ರೇಡಾರ್ ಕಿರಣಗಳಿಂದ ಪ್ರಪಂಚದ ಬಹುಭಾಗದ ಎತ್ತರಗಳನ್ನು ಅಳೆಯಿತು. ಅದು ಮನುಷ್ಯನ ಸಾಹಸಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕೊಡುವ ಬಿಂದುಗಳು ಸುಮಾರು ಮೂವತ್ತು ಮೀಟರಿಗೆ ಒಂದೊಂದು. ನಮ್ಮ ಐವತ್ತು ಗುಂಟೆಗೆ ದೊರೆತುವು ಆರೇ ಬಿಂದುಗಳು. ಆರಡಿ ಅಗಲದ ನೀರುಗಂಡಿಯೊಂದು ಅಂತಹ ಬಲೆಯ ಕಣ್ಣಿನಲ್ಲಿ ನುಸುಳಿಹೋಗುವುದು ಸಹಜ. ಇದಲ್ಲದೆ, ದಟ್ಟವಾದ ತೋಪಿನ ಮೇಲೆ ಬಿದ್ದ ಆ ಕಿರಣವು ನೆಲವನ್ನು ಪೂರ್ತಿಯಾಗಿ ಮುಟ್ಟದೆ ನೆಲಕ್ಕೂ ತಲೆಗೂ ನಡುವೆ ಎಲ್ಲಿಂದಲೋ ಹಿಂದಿರುಗುವುದು. ಅಂದು ನಮ್ಮ ತೆಂಕಣ ಭಾಗದಲ್ಲಿ ನೀಲಗಿರಿಯಿತ್ತು. ನಾವು ಮರಗಳನ್ನು ಕಡಿದರೂ ಲೆಕ್ಕದಲ್ಲಿ ಅವು ದಿಣ್ಣೆಯಾಗಿ ಉಳಿದುವು. ಇಲ್ಲದ ಮರಗಳ ನೆತ್ತಿಯ ಮೇಲೆ ನಾವು ಮನೆಯನ್ನು ಕಟ್ಟಲು ಹೊರಟಿದ್ದೆವು!

ಇಷ್ಟರಿಂದ ಯಂತ್ರವೇ ಕೆಟ್ಟದ್ದೆಂದು ವಾಚಕರು ತಿಳಿಯಬಾರದು. ಅಳೆದು ತಿಳಿಯುವುದು ಈ ದೇಶಕ್ಕೆ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನಿವೇಶನದ ಪರೀಕ್ಷೆಯುಂಟು: ಒಂದು ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನು ತಿರುಗಿ ಅದರಲ್ಲಿಯೇ ತುಂಬಬೇಕು, ಮಣ್ಣು ಮಿಕ್ಕರೆ ನೆಲ ಉತ್ತಮ, ಸಮನಾದರೆ ಮಧ್ಯಮ, ಸಾಲದಿದ್ದರೆ ಅಧಮ. ೧೮೦೦ರಲ್ಲಿ ಲ್ಯಾಂಬ್ಟನ್ ಎಂಬಾತನು ಬೆಂಗಳೂರಿನ ಬಳಿಯಲ್ಲಿಯೇ ಸರಪಳಿ ಹಿಡಿದು ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಅಳೆದನು. ಇಡೀ ಹಿಂದೂಸ್ಥಾನವನ್ನು ತ್ರಿಕೋನಗಳಲ್ಲಿ ಕಟ್ಟಿಹಾಕಿದ ಮಹಾಕಾರ್ಯಕ್ಕೆ ಮುನ್ನುಡಿಯಾದುದು ಆ ಅಳತೆ. ಇಂದಿನ ಪರದೆಯ ಮೇಲಿನ ತ್ರಿಕೋನಗಳು ಆ ತ್ರಿಕೋನಗಳ ಮೊಮ್ಮಕ್ಕಳು. ಅಳೆಯುವುದರಲ್ಲಿ ದೋಷವಿಲ್ಲ. ದೋಷವು ಎಲ್ಲಿದೆಯೆಂಬುದನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು.

ಯಾವ ಪ್ರತಿಕೃತಿಯೂ ಏನನ್ನಾದರೂ ಬಿಡಲೇಬೇಕು. ಎಲ್ಲವನ್ನೂ ಒಳಗೊಂಡ ನಕ್ಷೆಯು ನೆಲದಷ್ಟೇ ದೊಡ್ಡದಾಗಿ ಯಾರಿಗೂ ಉಪಯೋಗಕ್ಕೆ ಬಾರದು. ಆದಕಾರಣ ಬಿಡುವುದೇ ಸುಳ್ಳೆಂದು ಹೇಳಲಾಗದು. ಆದರೆ ಬಿಡುವುದರಲ್ಲಿ ಮೂರು ಬಗೆಗಳುಂಟು. ಕೆಲಸಕ್ಕೆ ಬೇಡವಾದುದರಿಂದ ಬಿಡುವುದು ಒಂದು. ಹೊಲದ ಹುಲ್ಲನ್ನು ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ. ತಿಳಿಯದೆ ಬಿಡುವುದು ಇನ್ನೊಂದು. ನಮ್ಮ ಅಳಿಯನು ನೀರಿನ ದಾರಿಯನ್ನು ಬಿಟ್ಟುದು ಹೀಗೆ. ತಿಳಿದ ಮೇಲೆಯೂ ಅನುಕೂಲಕ್ಕಾಗಿ ಬಿಡುವುದು ಮೂರನೆಯದು. ಮೇಸ್ತ್ರಿಯು ತಗ್ಗೆಂದ ಮೇಲೆ ಮಣ್ಣು ಸುರಿಸೋಣವೆಂದು ನಾನು ಹೇಳಿದುದು ಈ ಜಾತಿಯದು. ಮೊದಲನೆಯದು ವಿವೇಕ, ಎರಡನೆಯದು ಪ್ರಮಾದ, ಮೂರನೆಯದು ಅಧರ್ಮ. ಕಷ್ಟವೇನೆಂದರೆ, ಪರದೆಯ ಮೇಲೆ ಈ ಮೂರೂ ಒಂದೇ ರೀತಿಯಲ್ಲಿ ಕಾಣುವುವು. ಅಳೆದು ತಿಳಿದ ಬಿಂದುವೂ ಊಹೆಯಿಂದ ತುಂಬಿದ ಎಡೆಯೂ ಒಂದೇ ಹಸಿರಿನಲ್ಲಿ, ಒಂದೇ ನುಣುಪಿನಲ್ಲಿ ಹೊಳೆಯುವುವು. ಕೈಯಲ್ಲಿ ಬರೆದ ಹಳೆಯ ನಕ್ಷೆಯಲ್ಲಿ ಬರೆಯುವವನ ಸಂದೇಹವು ಅಲ್ಲಲ್ಲಿ ಗೆರೆಯ ನಡುಕದಲ್ಲಿಯಾದರೂ ಕಾಣುತ್ತಿತ್ತು. ಯಂತ್ರಕ್ಕೆ ಕೈ ನಡುಗದು. ಆದಕಾರಣ ಸಂದೇಹವನ್ನು ಬರೆದಿಡುವ ಹೊಣೆ ಮನುಷ್ಯನ ಮೇಲೆ ಹೆಚ್ಚಾಗಿ ಬಿದ್ದಿದೆ. ಇಷ್ಟು ಅಳೆದುದು, ಇಷ್ಟು ಊಹಿಸಿದುದು ಎಂದು ನಕ್ಷೆಯ ಮೇಲೆಯೇ ಬರೆಯುವುದು ಈ ವೃತ್ತಿಯ ಮೊದಲನೆಯ ಸತ್ಯವೆಂದು ನಾನು ತಿಳಿಯುತ್ತೇನೆ.

ಎರಡನೆಯ ವಿಷಯವು ನೆಲದ ದಪ್ಪಕ್ಕೆ ಸಂಬಂಧಿಸಿದುದು. ಕಟ್ಟಡದ ವಿನ್ಯಾಸಕ್ಕೆ ಬಹು ಮಂದಿ ಉಪಯೋಗಿಸುವ ರೆವಿಟ್ ಎಂಬ ತಂತ್ರಾಂಶದಲ್ಲಿ ೨೦೨೪ರ ಆವೃತ್ತಿಗೆ ಮೊದಲು ನೆಲವೆಂಬುದು ದಪ್ಪವಿಲ್ಲದ ಒಂದು ಹೊದಿಕೆಯಂತಿತ್ತು. ಆ ಆವೃತ್ತಿಯಲ್ಲಿ ಅದಕ್ಕೆ ದಪ್ಪವೂ ಪದರಗಳೂ ಉಳ್ಳ ಘನರೂಪವು ಬಂದಿತೆಂದು ಅಳಿಯನು ಹೇಳಿದನು. ಇದನ್ನು ಕೇಳಿ ನನಗೆ ನಗು ಬಂದಿತು. ನಮ್ಮ ಶಾಸನಗಳನ್ನು ಬರೆಸಿದವರಿಗೆ ಈ ಸಂಗತಿ ಹೊಸದೇನೂ ಆಗಿರಲಿಲ್ಲ. ಭೂಮಿಯನ್ನು ದಾನಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ಎಣಿಸಿ ಕೊಡುತ್ತಿದ್ದರು. ಮೊದಲ ನಾಲ್ಕೂ ನೆಲದ ಆಳಕ್ಕೆ ಸೇರಿದುವು; ಕಡೆಯವು ನೆಲದ ಕಾಲಕ್ಕೆ, ಎಂದರೆ ಮುಂದೆ ಬರತಕ್ಕ ಫಲಕ್ಕೆ ಸೇರಿದುವು. ಹೊಯ್ಸಳ ರಾಮನಾಥನ ರಾಜಧಾನಿಯು ನಮ್ಮ ಕುಂದಾಣವೇ ಎಂದು ಹೇಳುವವರುಂಟು, ಅದು ಬೇರೆ ಊರೆಂದು ವಾದಿಸುವವರೂ ಉಂಟು. ಅದು ಹೇಗಾದರೂ ಇರಲಿ. ಆ ಕಾಲದವರು ನೆಲವನ್ನು ಹೊದಿಕೆಯೆಂದು ಎಣಿಸದೆ ಒಡಲೆಂದು ಎಣಿಸಿದರು. ಅವರ ಶಾಸನಗಳಲ್ಲಿ ಎಲ್ಲೆಯನ್ನು ಹೇಳುವಾಗಲೂ ಕೆರೆ, ಹಳ್ಳ, ಹುಣಿಸೆಯ ಮರ, ನೆಟ್ಟ ಕಲ್ಲು ಎಂದು ಕಾಲಿಂದ ನಡೆದು ನೋಡಿದವನ ಮಾತಿದೆ. ಆಮೇಲೆ ಬಂದ ಸರ್ವೆಯ ಟಿಪ್ಪಣಿಯಲ್ಲಿ ಸರಪಳಿಯೂ ಆಣೆಯೂ ಉಂಟು, ಎತ್ತರವಿಲ್ಲ. ಎಷ್ಟು ಗುಂಟೆಯೆಂದು ಪಹಣಿಯು ಹೇಳುವುದು. ಯಾವ ಕಡೆಗೆ ವಾಲಿದೆಯೆಂದು ಹೇಳದು. ಕಂದಾಯಕ್ಕೆ ವಿಸ್ತೀರ್ಣವು ಬೇಕು; ನೀರಿಗೆ ಬೇಕಾದುದು ಇಳಿಜಾರು. ನಮ್ಮ ನೀರುಗಂಡಿಯು ಮಳೆಗಾಲದಲ್ಲಿ ಮಾತ್ರ ಹರಿಯುವುದರಿಂದ ಅದನ್ನು ಖರಾಬೆಂದು ಸಹ ಯಾರೂ ಬರೆದಿರಲಿಲ್ಲ. ಹೀಗೆ ಹಳೆಯ ಕಾಗದವೂ ಹೊಸ ಪರದೆಯೂ ಅದನ್ನು ಕಾಣದೆಹೋದುವು. ಕಂಡವರು ಪಟವನ್ನು ಓದಲು ಬಾರದ ಒಬ್ಬ ವೃದ್ಧರು.

ಮೂರನೆಯದು ಎಲ್ಲೆಯ ಪ್ರಶ್ನೆ. ಇದೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು. ಪರದೆಯ ಮೇಲಿನ ನೆಲವು ನಮ್ಮ ಬದುವಿಗೆ ಬಂದು ನಿಂತುಬಿಡುತ್ತಿತ್ತು. ನಾಲ್ಕು ಕಡೆಯೂ ಕತ್ತರಿಸಿದ ರೊಟ್ಟಿಯ ತುಂಡಿನಂತೆ ಅದು ಶೂನ್ಯದಲ್ಲಿ ತೇಲುತ್ತಿತ್ತು. ಅದನ್ನು ನೋಡಿದ ಕಣ್ಣಿಗೆ ನೆರೆಯವನು ಇದ್ದಾನೆಂಬ ಭಾವನೆಯೇ ಹುಟ್ಟದು. ಆದರೆ ನೀರಿಗೆ ಸರ್ವೆ ನಂಬರು ಗೊತ್ತಿಲ್ಲ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಕ್ಕುವುದು. ಮೇಲಿನ ಹೊಲವು ನಾಲ್ಕು ಎಕರೆ. ಅರ್ಧವು ಇಂಗಿತೆಂದು ಇಟ್ಟುಕೊಂಡರೂ, ಒಂದು ಒಳ್ಳೆಯ ಮಳೆಗೆ ಎರಡು ಲಕ್ಷ ಲೀಟರು ನಮ್ಮ ಮೂಲೆಯನ್ನು ಹುಡುಕಿಕೊಂಡು ಬರತಕ್ಕದ್ದು. ನಾವು ಮೂರಡಿ ಮಣ್ಣನ್ನು ಸುರಿದಿದ್ದರೆ ಆ ನೀರು ಆ ವೃದ್ಧರ ರಾಗಿಯಲ್ಲಿಯೇ ನಿಂತು ಬೇರನ್ನು ಕೊಳೆಸುತ್ತಿತ್ತು. ಮೇಲಿನ ನೆಲದ ಮೇಲೆ ಬಿದ್ದ ನೀರು ಸ್ವಭಾವವಾಗಿ ಕೆಳಗಿನ ನೆಲಕ್ಕೆ ಹರಿಯುವುದನ್ನು ಕೆಳಗಿನವನು ತಡೆಯಬಾರದೆಂಬುದನ್ನು ೧೮೮೨ರ ಈಸ್‌ಮೆಂಟ್ ಕಾಯಿದೆಯಲ್ಲಿಯೇ ಉದಾಹರಣೆಯಾಗಿ ಹೇಳಿದೆ. ಆದರೆ ಕಾಯಿದೆಯು ನ್ಯಾಯಾಲಯಕ್ಕೆ ಹೋದವನನ್ನು ಮಾತ್ರ ಕಾಯುವುದು. ಹೋಗಲಾರದವನನ್ನು ಕಾಯತಕ್ಕದ್ದು ನೆರೆಯವನ ಮನಸ್ಸಾಕ್ಷಿಯೇ.

ಇದೇ ದೋಷವು ದೊಡ್ಡದಾಗಿ ಬೆಳೆದರೆ ಏನಾಗುವುದೆಂಬುದನ್ನು ನಮ್ಮ ತಾಲ್ಲೂಕಿನವರು ಬಲ್ಲರು. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ ೧,೭೭೭ ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯಿತ್ತು. ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ವಿರೋಧಿಸಿದ ಮೇಲೆ, ೨೦೨೫ರ ಜುಲೈ ತಿಂಗಳಿನಲ್ಲಿ ಸರ್ಕಾರವು ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಕೈಗಾರಿಕೆ ಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ನಕ್ಷೆಯಲ್ಲಿ ಬರಿದಾಗಿ ಕಂಡ ಕಡೆ ಬೆಳೆಯೂ ಮನೆಯೂ ಸಮಾಧಿಯೂ ಇದ್ದುವೆಂಬುದನ್ನು ತಿಳಿಸಲು ಜನರು ಬೀದಿಯಲ್ಲಿ ಕುಳಿತುಕೊಳ್ಳಬೇಕಾಯಿತಲ್ಲ, ಅದನ್ನು ಮಾತ್ರ ಹೇಳುತ್ತೇನೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಒಂದು ಮನೆಯನ್ನು ಕಟ್ಟುವುದಕ್ಕೆ ಇಡೀ ತಾಲ್ಲೂಕನ್ನು ಅಳೆಯಲಾದೀತೇ ಎಂದು ಕೆಲವರು ಕೇಳಬಹುದು. ಬೇಕಾಗಿಲ್ಲ, ನೀರು ಎಲ್ಲಿಂದ ಬರುವುದೋ ಆ ದಿಣ್ಣೆಯವರೆಗೆ, ಎಲ್ಲಿಗೆ ಹೋಗುವುದೋ ಆ ಕೆರೆಯವರೆಗೆ ನೋಡಿದರೆ ಸಾಕು. ಅದಕ್ಕೆ ಹೆಚ್ಚಿನ ಯಂತ್ರವೂ ಬೇಡ. ಒಂದು ಮಳೆಯ ದಿವಸ ಕೊಡೆ ಹಿಡಿದು ನಡೆದರೆ ಬಹು ಮಟ್ಟಿಗೆ ತಿಳಿಯುವುದು. ನಕ್ಷೆ ಬರೆಯುವವನು ಹಣ ಕೊಟ್ಟವನ ಸೇವಕನಲ್ಲವೇ, ನೆರೆಯವನ ಚಿಂತೆ ಅವನಿಗೇಕೆ ಎಂದು ಇನ್ನು ಕೆಲವರು ಹೇಳುವರು. ವೈದ್ಯನೂ ಹಣವನ್ನು ತೆಗೆದುಕೊಳ್ಳುವನು. ಆದರೆ ರೋಗಿಯು ಕೇಳಿದನೆಂದು ನೆರೆಮನೆಗೆ ಅಂಟುವ ರೋಗವನ್ನು ಮುಚ್ಚಿಡನು. ವಿದ್ಯೆಯನ್ನು ಕಲಿತವನ ಕಣ್ಣು ಹಣ ಕೊಟ್ಟವನಿಗೆ ಪೂರ್ತಿಯಾಗಿ ಮಾರಾಟವಾಗುವುದಿಲ್ಲ.

ಮೂರನೆಯ ಆಕ್ಷೇಪವು ನನ್ನದೇ. ಅದಕ್ಕೆ ಉತ್ತರ ಹೇಳುವುದು ಇವೆರಡಕ್ಕಿಂತ ಕಷ್ಟ. ನಾವು ಆ ನೀರಿನ ದಾರಿಯನ್ನು ಹಿಡಿದು ಕೆಳಕ್ಕೆ ನಡೆದಾಗ, ಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಹೊಸದೊಂದು ಬಡಾವಣೆಯ ಗೋಡೆಯು ಅಡ್ಡಬಂದಿತು. ಅಲ್ಲಿ ಇಟ್ಟಿದ್ದ ಸಣ್ಣ ಮೋರಿಯೂ ಅರ್ಧ ಹೂಳಿಹೋಗಿದ್ದಿತು. ಕೆಳಗಿನವರು ಮುಚ್ಚಿದ ಮೇಲೆ ನಾವೊಬ್ಬರು ತೆರೆದಿಟ್ಟು ಸಾಧಿಸುವುದೇನು? ಅಳಿಯನು ಇದನ್ನು ಕೇಳಿದನು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ನನಗೆ ಕಂಡುದು ಇಷ್ಟು. ಕೆಳಗಿನವನ ತಪ್ಪಿನಿಂದ ಕೆರೆಗೆ ಆಗುವ ನಷ್ಟಕ್ಕೆ ನಾನು ಹೊಣೆಯಲ್ಲ. ಆದರೆ ನಾನು ಮುಚ್ಚಿದರೆ ಮೇಲಿನವನಿಗೆ ಆಗುವ ನಷ್ಟಕ್ಕೆ ನಾನೇ ಹೊಣೆ. ಒಬ್ಬನ ಅಪರಾಧವು ಇನ್ನೊಬ್ಬನಿಗೆ ಅಪ್ಪಣೆಯ ಚೀಟಿಯಾಗದು. ಇದಲ್ಲದೆ ಹೂಳಿದ ಮೋರಿಯನ್ನು ಒಂದು ದಿನ ತೋಡಬಹುದು. ಮನೆಯ ಕೆಳಗೆ ಹೂತ ದಾರಿಯನ್ನು ತೋಡುವವರು ಯಾರು?

ಆಮೇಲೆ ನಡೆದುದನ್ನು ಹೇಳಿ ಮುಗಿಸುತ್ತೇನೆ. ಮೇಸ್ತ್ರಿಯ ನೀರಿನ ಕೊಳವೆಯಿಂದಲೇ ಸರಪಳಿಗೊಂದರಂತೆ ಅರುವತ್ತಾರು ಕಡೆ ಮಟ್ಟವನ್ನು ತೆಗೆದೆವು; ನೀರುಗಂಡಿಯ ಉದ್ದಕ್ಕೂ ಹತ್ತು ಅಡಿಗೊಂದರಂತೆ ಬೇರೆಯಾಗಿ ತೆಗೆದೆವು. ಅಳಿಯನು ಪರದೆಯ ಮೇಲಿನ ನೆಲವನ್ನು ಹೊಸದಾಗಿ ಕಟ್ಟಿ, ಮೇಲಿನ ಹೊಲವನ್ನೂ ಕೆಳಗಿನ ಮೋರಿಯನ್ನೂ ಅದರಲ್ಲಿ ಸೇರಿಸಿದನು. ಮನೆಯು ಬಡಗಣಕ್ಕೆ ಸರಿಯಿತು. ರಸ್ತೆಯಿಂದ ದೂರವಾದುದರಿಂದ ಖರ್ಚು ಹೆಚ್ಚಿತು. ಅನುಮತಿಗೆ ಮತ್ತೊಮ್ಮೆ ಅಲೆಯಬೇಕಾಯಿತು. ಒಂದು ಕೋಣೆಯನ್ನು ಬಿಡಬೇಕಾಯಿತು. ಒಂದು ಮಳೆಗಾಲವನ್ನು ನನ್ನ ತಂಗಿಯು ಬಾಡಿಗೆಯ ಮನೆಯಲ್ಲಿಯೇ ಕಳೆದಳು. ಅವಳಿಗೆ ಇದರಿಂದ ಆದ ಕಷ್ಟವನ್ನು ನಾನು ಮರೆಮಾಚಲಾರೆ. ಧರ್ಮದ ಬೆಲೆಯನ್ನು ಅದನ್ನು ನಿಶ್ಚಯಿಸಿದವನೇ ಯಾವಾಗಲೂ ಕೊಡುವುದಿಲ್ಲವೆಂಬುದು ಇದರಲ್ಲಿ ನಾನು ಕಲಿತ ಇನ್ನೊಂದು ಪಾಠ.

ಹೊಸ ನಕ್ಷೆಯನ್ನು ಅಳಿಯನು ಆ ವೃದ್ಧರಿಗೆ ತೋರಿಸಿದನು. ನೀಲಿಯ ಗೆರೆಯನ್ನು ಬೆರಳಿನಿಂದ ಮುಟ್ಟಿ, ಇದೇ ನಮ್ಮ ನೀರೋ ಎಂದು ಕೇಳಿದರು. ಹೌದೆಂದೆವು. ಮಳೆ ಬಂದ ಮೇಲೆ ನೋಡಿ ಹೇಳುತ್ತೇನೆಂದು ಅವರು ಎದ್ದುಹೋದರು. ಅವರು ನಮ್ಮನ್ನು ಹೊಗಳಲಿಲ್ಲ. ಹೊಗಳತಕ್ಕದ್ದೂ ಏನೂ ಇರಲಿಲ್ಲ. ಪರದೆಯ ನೆಲವು ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸತಕ್ಕದ್ದು ಪರದೆಯಲ್ಲ, ಮುಂದಿನ ಮಳೆ. ಮಣ್ಣಿಲ್ಲದ ಕಡೆ ಮಾಡಿದ ಕಾರ್ಯಕ್ಕೂ ಲೇಪವುಂಟು. ಏಕೆಂದರೆ ಅಲ್ಲಿ ಎಳೆದ ಗೆರೆಯು ಒಂದಲ್ಲ ಒಂದು ದಿನ ಯಾರದೋ ಹೊಲದಲ್ಲಿ ಇಳಿಯುವುದು.